ನೀರೊಳಗಿನ ಬೆಳಕು, ದಂಡೆ ಮೇಲಿನ ಕಳ್ಳಗಿವಿ

ಹೋದ ಬೇಸಿಗೆಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆ ಅಕ್ಕನ ಹೊಲದ ಬಾವಿಯಲ್ಲಿ ಹುಡುಗರು ಈಸಾಡುತ್ತಿದ್ದರು. ಕೆಂಪು ಕಲ್ಲಿನ ಬಾವಿ, ಮೇ ತಿಂಗಳಾದರೂ ಎರಡಾಳು ನೀರು. ಪಾವಟಿಗೆಯ ಮೇಲೆ ಒಂದು ಬ್ಲೂಟೂತ್ ಸ್ಪೀಕರ್ ಹಾಡುತ್ತಿತ್ತು. ನೀರಿಗೆ ಬಿದ್ದರೂ ಏನೂ ಆಗುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿದ್ದ ಮಾಲು. ಯಾರದೋ ಕಾಲು ತಾಗಿ ಅದು ನೀರಿಗೆ ಬಿತ್ತು. ಒಂದು ಗೇಣು ಇಳಿದಿತ್ತೋ ಇಲ್ಲವೋ, ಹಾಡು ಕಡಿಯಿತು. ಅದರ ಮೈಮೇಲಿನ ಪುಟ್ಟ ನೀಲಿ ದೀಪ ಮಾತ್ರ ಮಿಣುಕುತ್ತ ತಳದವರೆಗೂ ಕಾಣುತ್ತಲೇ ಹೋಯಿತು.

“ಮಾಮಾ, ಸ್ಪೀಕರ್ ಕೆಟ್ಟು ಹೋಯ್ತು ನೋಡ್ರಿ,” ಅಂದ ಅಳಿಯ.

“ಕೆಟ್ಟಿಲ್ಲ ಬಿಡೋ ತಮ್ಮಾ. ದೀಪ ಹತ್ತ್ಯದಲ್ಲ. ನಿನ್ನ ಫೋನಿನ ಮಾತು ಅದಕ್ಕ ಮುಟ್ಟವಲ್ದು, ಅಷ್ಟೇ.”

ರೇಡಿಯೊ ಸತ್ತಿತು, ಬೆಳಕು ಬದುಕಿತು. ನೀರೊಳಗಿನ ಯಂತ್ರಕ್ಕೆ ಮಾತು ಮುಟ್ಟಿಸುವುದು ಹೇಗೆ, ಅದನ್ನು ಕದ್ದು ಕೇಳುವವರು ಎಲ್ಲಿರುತ್ತಾರೆ ಎಂಬುದು ಈ ಲೇಖನ. ಅದರ ಅರ್ಧ ವಿಷಯ ಆ ಬಾವಿಯಲ್ಲೇ ಇತ್ತು. ಉಳಿದರ್ಧ ಸ್ಪೀಕರನ್ನು ಮೇಲೆತ್ತಿದಾಗ ಕಂಡಿತು, ಅದು ಕೊನೆಗೆ.

ಬ್ಲೂಟೂತ್, ಬಹಳ ಕಡೆ ವೈಫೈ ಕೂಡ, 2.4 ಗಿಗಾಹರ್ಟ್ಜ್ ಆಸುಪಾಸಿನ ಅಲೆಗಳು. ಅಡುಗೆಮನೆಯ ಮೈಕ್ರೊವೇವ್ ಒಲೆ ಅನ್ನ ಬಿಸಿ ಮಾಡುವುದೂ ಇದೇ ಅಲೆಯಿಂದ. ನೀರಿನ ಕಣಗಳು ಈ ಅಲೆಯ ಶಕ್ತಿಯನ್ನು ಕುಡಿದು ಬಿಸಿಯಾಗುತ್ತವೆ. ಸಿಹಿನೀರಿನಲ್ಲೇ ಒಂದೆರಡು ಬೆರಳಿನಷ್ಟು ದೂರಕ್ಕೆ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಒಂದು ಗೇಣು ದಾಟುವಷ್ಟರಲ್ಲಿ ಕೇಳುವಂಥದ್ದು ಏನೂ ಉಳಿಯುವುದಿಲ್ಲ. ಸಮುದ್ರದ ಉಪ್ಪು ನೀರು ವಿದ್ಯುತ್ತನ್ನು ಹರಿಸುವುದರಿಂದ ಅಲ್ಲಿ ಇನ್ನೂ ಕಷ್ಟ.

ಅಲೆಯ ಆವರ್ತನ ಇಳಿಸಿದಷ್ಟೂ ಅದು ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಇದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಚಿಂಚೋಳಿ ದಾಟಿದರೆ ತೆಲಂಗಾಣದ ವಿಕಾರಾಬಾದ್ ಜಿಲ್ಲೆ. ಅಲ್ಲಿನ ದಾಮಗುಂಡಂ ಕಾಡಿನಲ್ಲಿ ನೌಕಾಪಡೆಯ ರೇಡಿಯೊ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅಡಿಗಲ್ಲು ಹಾಕಿದರು. ಮರ ಕಡಿಯುತ್ತಾರೆಂದು ವಿರೋಧವೂ ಬಂತು. ಸಮುದ್ರದ ಗಾಳಿಯೂ ಸುಳಿಯದ ಈ ಗುಡ್ಡಗಾಡಿನಲ್ಲಿ ನೌಕಾಪಡೆಗೇನು ಕೆಲಸ ಎಂದು ಕೇಳಿದವರಿಗೆ ಉತ್ತರ ಇಷ್ಟೇ: ಮುಳುಗಿರುವ ಜಲಾಂತರ್ಗಾಮಿಗೆ ಸಂದೇಶ ಕಳಿಸಲು ಬೇಕಾಗುವುದು ಅತಿ ಕಡಿಮೆ ಆವರ್ತನದ ಅಲೆ. ಇಂಥ ಕೇಂದ್ರ ನಮ್ಮಲ್ಲಿ ಮೊದಲು ಆದದ್ದು ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ, ಐಎನ್‌ಎಸ್ ಕಟ್ಟಬೊಮ್ಮನ್, 1990ರಲ್ಲಿ. ಅದರ ಆವರ್ತನ 18.2 ಕಿಲೋಹರ್ಟ್ಜ್. ಒಂದು ಅಲೆಯ ಉದ್ದವೇ ಹದಿನಾರು ಕಿಲೋಮೀಟರಿಗೂ ಮಿಕ್ಕಿ. ಅದಕ್ಕೇ ಅಷ್ಟೆತ್ತರದ ಕಂಬಗಳು, ಅಷ್ಟು ಎಕರೆ ಜಾಗ. ಇಷ್ಟೆಲ್ಲ ಮಾಡಿದರೂ ಈ ಅಲೆ ಉಪ್ಪು ನೀರಿನಲ್ಲಿ ಸುಮಾರು ಎರಡು ಮೀಟರಿಗೊಮ್ಮೆ ಮೂರನೇ ಒಂದರಷ್ಟಕ್ಕೆ ಕುಗ್ಗುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ ಕೆಲವು ನೂರು ಬಿಟ್ ಸಾಗುತ್ತವೆ, ಅದೂ ಒಂದೇ ದಿಕ್ಕಿಗೆ. ಒಂದು ಫೋಟೊ ಕಳಿಸುವ ಮಾತೇ ಇಲ್ಲ.

ಶಬ್ದ ನೀರಿನಲ್ಲಿ ಚೆನ್ನಾಗಿ ಓಡುತ್ತದೆ, ಸೆಕೆಂಡಿಗೆ ಸುಮಾರು 1,500 ಮೀಟರ್. ಕಿಲೋಮೀಟರುಗಟ್ಟಲೆ ಮುಟ್ಟುತ್ತದೆ. ಆದರೆ ಮಾಹಿತಿ ಹೊರುವ ತಾಕತ್ತು ಕಡಿಮೆ, ಮತ್ತು ನೀರಿನೊಳಗೆ ಮೈಕು ಇಳಿಬಿಟ್ಟವರೆಲ್ಲ ಕೇಳಬಹುದು. ತೇರಿನ ದಿನ ಮೈಕಿನಲ್ಲಿ ಕೂಗಿ ಗುಟ್ಟು ಹೇಳಿದ ಹಾಗೆ.

ಉಳಿದದ್ದು ಬೆಳಕು. ಅದರಲ್ಲೂ ನೀಲಿ, ಹಸಿರು. ಶುದ್ಧ ನೀರಿನಲ್ಲಿ 10 ಮೀಟರ್ ಹೋಗುವಷ್ಟರಲ್ಲಿ ಕೆಂಪು ಲೇಸರಿನ ಬೆಳಕು ನೂರಕ್ಕೆ ಮೂರು ಪಾಲು ಉಳಿದರೆ, ಹಸಿರು ಅರವತ್ತಕ್ಕೂ ಹೆಚ್ಚು, ನೀಲಿ ತೊಂಬತ್ತರಷ್ಟು ಉಳಿಯುತ್ತದೆ. ಲೇಸರನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿಣುಕಿಸಿ, ಆಚೆ ತುದಿಯಲ್ಲಿ ಬೆಳಕು ಗುರುತಿಸುವ ಸಾಧನ ಇಟ್ಟರೆ ಹತ್ತಾರು ಮೀಟರ್ ದೂರಕ್ಕೆ ವಿಡಿಯೊವನ್ನೇ ಕಳಿಸಬಹುದು. ಪ್ರಯೋಗಶಾಲೆಯ ತೊಟ್ಟಿಗಳಲ್ಲಿ ಸೆಕೆಂಡಿಗೆ ಗಿಗಾಬಿಟ್ ವೇಗ ಮುಟ್ಟಿಯಾಗಿದೆ.

ಆದರೆ ಎಲ್ಲ ನೀರೂ ಒಂದೇ ಅಲ್ಲ. ತಿಳಿಯಾದ ಕಡಲಿನಲ್ಲಿ 20 ಮೀಟರಿಗೆ ಬೆಳಕು ನೂರಕ್ಕೆ ಐದು ಪಾಲು ಉಳಿದರೆ, ದಂಡೆ ಹತ್ತಿರದ ನೀರಿನಲ್ಲಿ ಅಷ್ಟೇ ದೂರಕ್ಕೆ ಹತ್ತು ಸಾವಿರಕ್ಕೆ ಮೂರ್ನಾಲ್ಕು ಪಾಲು. ಬಂದರಿನ ರಾಡಿ ನೀರಿನಲ್ಲಿ ಎರಡೇ ಮೀಟರಿಗೆ ನೂರಕ್ಕೆ ಒಂದು. ಮಳೆಗಾಲದಲ್ಲಿ ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ಕೆನ್ನೀರು ಬಿಡುವುದನ್ನು ಕಂಡವರಿಗೆ ಈ ಲೆಕ್ಕ ಹೇಳಬೇಕಾಗಿಯೇ ಇಲ್ಲ. ಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಹಡಗಿನಿಂದ ಬಿಳಿ ತಟ್ಟೆಯೊಂದನ್ನು ಹಗ್ಗ ಕಟ್ಟಿ ಇಳಿಸಿ, ಅದು ಕಣ್ಮರೆಯಾಗುವ ಆಳ ಗುರುತು ಹಾಕಿಕೊಂಡು ನೀರಿನ ತಿಳಿ ಅಳೆದ. ಇಂದಿಗೂ ಅದೇ ತಟ್ಟೆ ಬಳಕೆಯಲ್ಲಿದೆ. ನಮ್ಮ ಮನೆಯ ಊಟದ ತಟ್ಟೆಯಿಂದಲೂ ಆಗುತ್ತದೆ, ಹಗ್ಗ ಗಟ್ಟಿ ಇದ್ದರೆ.

ಹಾಗಾದರೆ ನೀರೊಳಗಿನ ಯಂತ್ರ ದಂಡೆಯ ಜೊತೆ ಮಾತಾಡುವುದು ಹೇಗೆ? ಗಾಳಿಯಲ್ಲಿ ರೇಡಿಯೊ ಚಲೋ, ನೀರಿನಲ್ಲಿ ಬೆಳಕು ಚಲೋ. ನಡುವೆ, ನೀರಿನ ಮೇಲೆ ಒಂದು ತೇಲುಬುರುಡೆ ಇಡುತ್ತಾರೆ. ಈಸು ಕಲಿಯುವಾಗ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಸೋರೆಬುರುಡೆಯ ದೊಡ್ಡಣ್ಣ ಅನ್ನಿ. ಅದರ ತಲೆಯ ಮೇಲೆ ಆಂಟೆನಾ, ಹೊಟ್ಟೆಯ ಕೆಳಗೆ ಲೇಸರ್. ಹಡಗು, ಡ್ರೋನ್ ಅಥವಾ ದಂಡೆಯಿಂದ ಬಂದ ರೇಡಿಯೊ ಮಾತನ್ನು ಬಿಡಿಸಿಕೊಂಡು ಬೆಳಕಿನ ಮಾತಾಗಿ ಕೆಳಗೆ ಕಳಿಸುತ್ತದೆ. ಎರಡು ಜಾತಿಯ ದಾರಿ ಸೇರಿದ್ದಕ್ಕೆ ಇದು ಹೈಬ್ರಿಡ್ ಸಂಪರ್ಕ.

ಬೀದರಿನವರಿಗೆ ಈ ರಚನೆ ಹೊಸದೇನಲ್ಲ. ನೌಬಾದಿನ ಕರೇಜ್ ನೋಡಿದವರು ನೆನಪಿಸಿಕೊಳ್ಳಿ. ಬಹಮನಿಗಳ ಕಾಲದ, 15ನೇ ಶತಮಾನದ ಸುರಂಗ ಕಾಲುವೆ. ಕೆಂಪು ಕಲ್ಲು ಕೊರೆದು ನೆಲದೊಳಗೇ ನೀರು ಹರಿಸಿದ್ದಾರೆ. ಮೇಲೆ ನಿಂತವನಿಗೆ ಕೆಳಗೆ ಹೊಳೆ ಇದೆ ಅನ್ನುವ ಸುಳಿವೂ ಸಿಗುವುದಿಲ್ಲ. ಆದರೆ ಅಲ್ಲಲ್ಲಿ ಗಾಳಿ ಬೆಳಕಿಗೆ, ನೀರು ಸೇದುವುದಕ್ಕೆ ನೆಟ್ಟಗೆ ಮೇಲಕ್ಕೆ ಬಾವಿಯಂತೆ ಬಾಯಿ ತೆರೆದಿದ್ದಾರೆ. ಸುರಂಗದ ನಡುವೆ ಹೋಗಿ ನೀರು ಕದಿಯುವುದು ಸುಲಭವಲ್ಲ. ಬಾಯಿಯ ಹತ್ತಿರ ಕೊಡ ಹಿಡಿದು ನಿಂತರೆ ಸಾಕು. ನೀರೊಳಗಿನ ಸಂಪರ್ಕದ ಬಗ್ಗೆ ನನಗೆ ಹೇಳಬೇಕೆನಿಸುವ ಒಂದೇ ಮಾತು ಇದು: ಎಲ್ಲರೂ ನೀರಿನೊಳಗೆ ಕಳ್ಳನನ್ನು ಹುಡುಕುತ್ತಾರೆ, ಅವನು ಬಾಯಿಯ ಹತ್ತಿರ ನಿಂತಿರುತ್ತಾನೆ.

ಮೂರು ಜನರನ್ನು ಕರೆತರುತ್ತೇನೆ. ಮಾತಿನ ಗುಟ್ಟು ಕಾಯುವ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲಿ ಮಾತು ಕಳಿಸುವವಳು ಆಲಿಸ್, ಕೇಳುವವನು ಬಾಬ್, ಕದ್ದು ಕೇಳುವವಳು ಈವ್. ನಮಗೆ ಅಂಬವ್ವ, ಬಸಣ್ಣ, ಈರಣ್ಣ ಇರಲಿ. ಊರಿನ ಈರಣ್ಣಗಳೆಲ್ಲ ಮಾಫ್ ಮಾಡಬೇಕು, ಅಕ್ಷರ ಕೂಡಿಬರಲಿ ಎಂದು ಮಾತ್ರ ಈ ಹೆಸರು. ಅಂಬವ್ವ ದಂಡೆಯ ಮೇಲೆ, ಬಸಣ್ಣ ನೀರಿನೊಳಗೆ, ತೇಲುಬುರುಡೆ ನಡುವೆ.

ಈರಣ್ಣ ಬೆಳಕನ್ನು ಕದಿಯಬಲ್ಲನೆ? ಬಲ್ಲ. ಮನೆಯಲ್ಲೇ ನೋಡಬಹುದು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಆಟಿಗೆ ಲೇಸರ್ ತಗೊಂಡು, ದೀಪ ಆರಿಸಿ, ಫಿಲ್ಟರ್ ನೀರು ತುಂಬಿದ ಗಾಜಿನ ಗ್ಲಾಸಿನ ಒಂದು ಮಗ್ಗುಲಿನಿಂದ ಬಿಡಿ. ಕಣ್ಣಿಗೆ ಬಿಡಬೇಡಿ, ಗೋಡೆಯ ಕಡೆಗಿರಲಿ. ಗೋಡೆಯ ಮೇಲೆ ಚುಕ್ಕೆ ಚೊಕ್ಕವಾಗಿ ಬೀಳುತ್ತದೆ, ಗ್ಲಾಸಿನೊಳಗೆ ಬೆಳಕಿನ ಗೆರೆ ಕಂಡೂ ಕಾಣದ ಹಾಗಿರುತ್ತದೆ. ಈಗ ಒಂದು ಹನಿ ಹಾಲು ಹಾಕಿ ಕಲಸಿ. ಗೆರೆ ಒಮ್ಮೆಲೇ ಎದ್ದು ನಿಲ್ಲುತ್ತದೆ. ಇನ್ನೆರಡು ಹನಿ ಹಾಕಿದರೆ ಇಡೀ ಗ್ಲಾಸು ಹೊಳೆಯುತ್ತದೆ, ಗೋಡೆಯ ಚುಕ್ಕೆ ಮಂಕಾಗುತ್ತದೆ. ಮಗ್ಗುಲಿನಲ್ಲಿ ಕುಳಿತ ನಿಮಗೆ ಗೆರೆ ಕಂಡಿತೆಂದರೆ, ಬಸಣ್ಣನಿಗೆ ಹೋಗಬೇಕಾಗಿದ್ದ ಬೆಳಕು ಹಾಲಿನ ಕಣಗಳಿಗೆ ಬಡಿದು ದಾರಿ ತಪ್ಪಿ ನಿಮ್ಮ ಕಣ್ಣಿಗೆ ಬಂತು ಎಂದರ್ಥ. ಆ ಹೊತ್ತಿಗೆ ನೀವೇ ಈರಣ್ಣ.

ಆದರೆ ಹೀಗೆ ಚೆದುರಿದ ಬೆಳಕೂ ಅದೇ ನೀರಿನಲ್ಲಿ ಬೇಗ ಕರಗುತ್ತದೆ. ಅದನ್ನು ಹಿಡಿಯಬೇಕಾದರೆ ಈರಣ್ಣ ನೀರಿಗಿಳಿದು ಲೇಸರಿನಿಂದ ಕೆಲವೇ ಮೀಟರ್ ದೂರದಲ್ಲಿ ಸುಳಿದಾಡಬೇಕು. ಅಡ್ಡ ಬಂದರೆ ಬಸಣ್ಣನಿಗೆ ಬೆಳಕು ಕಡಿಮೆಯಾಗಿ ಸಂಶಯ ಬರುತ್ತದೆ. ರೇಡಿಯೊಗೆ ಇಂಥ ಕಾಟವೇ ಇಲ್ಲ. ಆಂಟೆನಾದಿಂದ ಹೊರಟ ಅಲೆ ನಾಲ್ಕೂ ಕಡೆ ಹರಡುತ್ತದೆ. ಈರಣ್ಣ ದಂಡೆಯ ಬೇವಿನ ಮರದ ಕೆಳಗೆ ಚಾ ಕುಡಿಯುತ್ತ ಕೇಳಬಹುದು, ಕೇಳಿದ್ದಕ್ಕೆ ಗುರುತೂ ಉಳಿಯುವುದಿಲ್ಲ.

ಮಾತಿಗೆ ಬೀಗ ಹಾಕಿ ಕಳಿಸಿದರಾಯಿತಲ್ಲ, ಅಂದರೆ ಗೂಢಲಿಪೀಕರಣ? ಹೌದು, ಹಾಕಲೇಬೇಕು. ಆದರೆ ನೀರೊಳಗೆ ತಿಂಗಳುಗಟ್ಟಲೆ ಒಂದೇ ಬ್ಯಾಟರಿಯ ಮೇಲೆ ಬದುಕುವ ಪುಟ್ಟ ಸಾಧನಕ್ಕೆ ಭಾರೀ ಬೀಗ ಹೊರೆಯಾಗುತ್ತದೆ. ಇಂಥವಕ್ಕೆಂದೇ ಅಮೆರಿಕದ ಮಾನಕ ಸಂಸ್ಥೆ 2023ರಲ್ಲಿ ಅಸ್ಕಾನ್ ಎಂಬ ಹಗುರ ಬೀಗ ಆರಿಸಿತು. ಬೀಗ ಹಗುರವಾದರೂ ಕೀಲಿಕೈಯ ತಾಪತ್ರಯ ತಪ್ಪಲಿಲ್ಲ: ಅದನ್ನು ಯಾರು, ಯಾವಾಗ ಬದಲಿಸಬೇಕು? ಕಡಲ ತಳಕ್ಕೆ ಮತ್ತೆ ಮತ್ತೆ ಆಳು ಇಳಿಸುವುದು ಆಗುವ ಮಾತಲ್ಲ.

ಇದರ ಜೊತೆಗೇ ಬೆಳೆದ ಇನ್ನೊಂದು ವಿಚಾರ ಇದೆ. ಕೀಲಿಯೇ ಇಲ್ಲದೆ, ದಾರಿಯ ಗುಣದಿಂದಲೇ ಗುಟ್ಟು ಕಾಯುವುದು. 1975ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಆರನ್ ವೈನರ್ ಇದನ್ನು ಗಣಿತದಲ್ಲಿ ತೋರಿಸಿದ. ಬಸಣ್ಣನಿಗೆ ಕೇಳಿಸುವುದು ಈರಣ್ಣನಿಗೆ ಕೇಳಿಸುವುದಕ್ಕಿಂತ ಸ್ಪಷ್ಟವಾಗಿದ್ದರೆ, ಆ ಅಂತರದಷ್ಟು ಮಾತನ್ನು ಈರಣ್ಣನಿಗೆ ಏನೂ ತಿಳಿಯದ ಹಾಗೆ ದಾಟಿಸಬಹುದು.

ಹೇಗೆ ಅಂತೀರಾ? ನಮ್ಮೂರಿಗೆ ಬರುವ ಹಗಲುವೇಷದವರನ್ನು ನೆನೆಯಿರಿ. ಮನುಷ್ಯ ಒಬ್ಬನೇ, ವೇಷ ಹತ್ತಾರು. ಅಂಬವ್ವ ಪ್ರತಿ ಸಂದೇಶಕ್ಕೂ ನೂರಾರು ವೇಷ ಹೊಲಿಸಿಟ್ಟಿದ್ದಾಳೆ. ಇಂದು ಯಾವ ವೇಷದಲ್ಲಿ ಕಳಿಸಬೇಕು ಎಂಬುದನ್ನು ಕವಡೆ ಎಸೆದು ನಿರ್ಧರಿಸುತ್ತಾಳೆ. ಯಾವ ವೇಷ ಯಾರದ್ದೆಂಬ ಪಟ್ಟಿ ಈರಣ್ಣನ ಹತ್ತಿರವೂ ಇದೆ, ಅದು ಗುಟ್ಟೇ ಅಲ್ಲ. ಬಸಣ್ಣನಿಗೆ ನೋಟ ಸ್ಪಷ್ಟ, ಆದ್ದರಿಂದ ವೇಷವನ್ನೂ ಗುರುತಿಸುತ್ತಾನೆ, ಒಳಗಿನವನನ್ನೂ ಹಿಡಿಯುತ್ತಾನೆ. ಈರಣ್ಣನದು ಮಂಜುಗಣ್ಣು. ಅವನಿಗೆ ಕಾಣುವ ಅಷ್ಟಿಷ್ಟು ಚಹರೆ ಯಾರ ಗಂಟಿನ ಯಾವ ವೇಷಕ್ಕಾದರೂ ಒಪ್ಪುತ್ತದೆ. ಬಂದವನು ಯಾರೆಂದು ಹೇಳಲು ಏನೂ ಉಳಿಯುವುದಿಲ್ಲ. ಕೀಲಿಯಿಲ್ಲ, ಬೀಗವಿಲ್ಲ. ನನಗಂತೂ ಈ ಶಾಸ್ತ್ರದಲ್ಲೇ ಅತಿ ಚಂದ ಕಂಡ ಜಾಗ ಇದು.

ಲೆಕ್ಕವೂ ಸರಳ. ಬಸಣ್ಣನಿಗೆ ಸಿಗ್ನಲ್ ಗದ್ದಲದ 100 ಪಟ್ಟು ಇದ್ದರೆ, ಬಳಸುವ ಆವರ್ತನ ಪಟ್ಟಿಯ ಅಗಲದ ಒಂದೊಂದು ಹರ್ಟ್ಜ್‌ಗೆ ಸೆಕೆಂಡಿಗೆ ಸುಮಾರು 6.66 ಬಿಟ್ ಹಿಡಿಯಬಲ್ಲ. ಈರಣ್ಣನಿಗೆ 10 ಪಟ್ಟು ಇದ್ದರೆ 3.46. ಕಳೆದರೆ 3.2. ಗುಟ್ಟಿಗೆ ಉಳಿದದ್ದು ಅಷ್ಟು. ಇಬ್ಬರಿಗೂ ಒಂದೇ ಸಮ ಕೇಳಿಸಿದರೆ ಸೊನ್ನೆ. ಬೆಳಕಿನ ದಾರಿಗೆ ಸೂತ್ರ ಸ್ವಲ್ಪ ಬೇರೆಯಾದರೂ ಕಳೆಯುವ ಪದ್ಧತಿ ಇದೇ.

ಈಗ ಎರಡು ದಾರಿ ಸೇರಿಸಿ ನೋಡೋಣ. ಕೊಂಡಿಯ ಸರಪಳಿಯಲ್ಲಿ ಸಣ್ಣ ಕೊಂಡಿಯದೇ ಅಳತೆ. ಬಸಣ್ಣನಿಗೆ ಮುಟ್ಟುವುದು ರೇಡಿಯೊ ಮತ್ತು ಬೆಳಕು ಎರಡರಲ್ಲಿ ಯಾವುದು ಸೊರಗಿದೆಯೋ ಅಷ್ಟು ಮಾತ್ರ. ರೇಡಿಯೊ 100 ಪಟ್ಟು ಹಾಗೇ ಇದೆ ಅನ್ನಿ. ಮಳೆ ಬಂತು, ನೀರು ಕದಡಿತು. ಬಿಸಿನೀರು ತಣ್ಣೀರು, ಉಪ್ಪು ಸಪ್ಪೆ ಒಂದಕ್ಕೊಂದು ಬೆರೆಯುವಲ್ಲಿ ಬೆಳಕು ಬಿಸಿಲುಗುದುರೆಯ ಹಾಗೆ ನಡುಗಿತು, ಗುಳ್ಳೆ ಎದ್ದು ಅಡ್ಡ ಬಂದವು, ತೆರೆಗೆ ತೇಲುಬುರುಡೆ ವಾಲಿ ಲೇಸರ್ ಗುರಿ ತಪ್ಪಿತು. ಬೆಳಕಿನ ದಾರಿ 15 ಪಟ್ಟಿಗೆ ಇಳಿಯಿತು. ಬಸಣ್ಣನ ಪಾಲು 4 ಬಿಟ್. ಈರಣ್ಣನದು? ಅವನು ದಂಡೆಯ ಮೇಲೆ ರೇಡಿಯೊ ಕೇಳುತ್ತಿದ್ದಾನೆ, ನೀರು ಕದಡಿದರೆ ಅವನಿಗೇನು! ಅದೇ 3.46. ಗುಟ್ಟಿಗೆ ಉಳಿದದ್ದು 0.54. ಇನ್ನೊಂದಿಷ್ಟು ಕದಡಿದರೆ ಅದೂ ಇಲ್ಲ.

ನೀರು ರಾಡಿಯಾದರೆ ಕಷ್ಟ ಬಸಣ್ಣನಿಗೆ, ಲಾಭ ಈರಣ್ಣನಿಗೆ. ನೀರನ್ನೇ ಮುಟ್ಟದವನಿಗೆ ನೀರು ಸಹಾಯ ಮಾಡುತ್ತದೆ. ಒಂದು ಬಿಟ್‌ನಷ್ಟಾದರೂ ಗುಟ್ಟು ದಾಟಬೇಕು ಎಂದು ಗುರಿ ಇಟ್ಟುಕೊಂಡರೆ, ನೂರು ಗಳಿಗೆಯಲ್ಲಿ ಎಷ್ಟು ಗಳಿಗೆ ಅದು ತಪ್ಪುತ್ತದೆ ಎಂಬುದೇ ಈ ಶಾಸ್ತ್ರದವರ ಮುಖ್ಯ ಅಳತೆ. ಸಂಶೋಧನಾ ಲೇಖನಗಳ ತುಂಬ ಇರುವ ಉದ್ದುದ್ದ ಸಮೀಕರಣಗಳೆಲ್ಲ ಈ ಒಂದು ಸಂಖ್ಯೆಗಾಗಿ.

ಜಾಣ ಓದುಗರು ಕೇಳಬಹುದು: ತೇಲುಬುರುಡೆ ಮಾತನ್ನು ಹಿಡಿದಿಟ್ಟುಕೊಂಡು, ನೀರು ತಿಳಿಯಾದ ಮೇಲೆ ಕೆಳಗೆ ಕಳಿಸಬಾರದೆ? ಕಳಿಸಬಹುದು. ಆದರೆ ಆಗ ಗುಟ್ಟು ಪೂರ್ತಿ ಅದರ ಹೊಟ್ಟೆಯಲ್ಲಿರುತ್ತದೆ. ಯಾರೂ ಕಾಯದೆ ನೀರಿನ ಮೇಲೆ ಒಂಟಿಯಾಗಿ ತೇಲುವ ಡಬ್ಬಿ ಅದು. ಒಂದು ದೋಣಿ, ಒಂದು ಸ್ಪ್ಯಾನರ್ ಸಾಕು. ಅದಕ್ಕೇ ಬೀಗ ಹಾಕುವುದಾದರೆ ಅಂಬವ್ವನಿಂದ ಬಸಣ್ಣನವರೆಗೆ ಒಂದೇ ಬೀಗ ಇರಬೇಕು. ಬುರುಡೆ ಮುಚ್ಚಿದ ಗಂಟು ದಾಟಿಸಲಿ, ಬಿಚ್ಚಿ ನೋಡುವ ಅಧಿಕಾರ ಬೇಡ.

ನೀರೇ ಕಾವಲು ಎಂದು ನಂಬಿ ಕೆಟ್ಟವರ ಕಥೆ ಇತಿಹಾಸದಲ್ಲಿ ಇದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಜಲಾಂತರ್ಗಾಮಿ ಹ್ಯಾಲಿಬಟ್, ಸೋವಿಯತ್ ರಷ್ಯಾದ ಪೂರ್ವಕ್ಕಿರುವ ಓಖೋಟ್‌ಸ್ಕ್ ಸಮುದ್ರಕ್ಕೆ ಗುಟ್ಟಾಗಿ ಹೋಯಿತು. ತಳದಲ್ಲಿ ಸೋವಿಯತ್ ನೌಕಾಪಡೆಯ ಕೇಬಲ್ ಇತ್ತು. ತಮ್ಮ ಸಮುದ್ರ, ತಮ್ಮ ಕಾವಲು, ನೂರಡಿಗೂ ಮಿಕ್ಕಿದ ಆಳ. ಇಲ್ಲಿಗೆ ಯಾರು ಬಂದಾರು ಎಂಬ ಭರವಸೆಯಲ್ಲಿ ಅದರ ಬಹಳಷ್ಟು ಮಾತಿಗೆ ಬೀಗವನ್ನೇ ಹಾಕಿರಲಿಲ್ಲ. ಮುಳುಗುಗಾರರು ಕೇಬಲ್ ಕತ್ತರಿಸಲಿಲ್ಲ, ಮೇಲಿನಿಂದ ಒಂದು ಸಾಧನ ಹೊದಿಸಿದರು. ಆಮೇಲೆ ಹೋಗಿ ಹೋಗಿ ಟೇಪು ಬದಲಿಸಿ ಬಂದರು. ವರ್ಷಗಟ್ಟಲೆ ನಡೆದ ಈ ಕೆಲಸ ಬಯಲಾದದ್ದು ಯಂತ್ರದಿಂದಲ್ಲ. ಅಮೆರಿಕದ ಗುಪ್ತ ಸಂಸ್ಥೆಯಲ್ಲಿ ಕೆಲಸ ಮಾಡಿ ಬಿಟ್ಟಿದ್ದ ರೊನಾಲ್ಡ್ ಪೆಲ್ಟನ್ 1980ರಲ್ಲಿ ಈ ಗುಟ್ಟನ್ನು ಸೋವಿಯತ್ತರಿಗೆ ಮಾರಿದ. ಅಲ್ಲಿಯೂ ಸೋರಿದ್ದು ನೆಲದ ಮೇಲೆ.

ಪರಿಹಾರವೂ ಮೊದಲು ರೇಡಿಯೊ ಕಡೆಗೇ ಹೋಗಬೇಕು. ಅಂಬವ್ವ ಒಂದರ ಬದಲು ಹಲವು ಆಂಟೆನಾ ಇಟ್ಟರೆ ಅಲೆಗಳನ್ನು ತೇಲುಬುರುಡೆಯ ದಿಕ್ಕಿಗೆ ಕೂಡಿಸಿ ಕಳಿಸಬಹುದು. ಅದಕ್ಕಿಂತ ಮಜಾ ಇನ್ನೊಂದು: ಅವಳೇ ಬೇಕೆಂದು ಗದ್ದಲ ಹಾಕುವುದು. ಆಂಟೆನಾಗಳಿಂದ ಹೊರಡುವ ಗದ್ದಲ ತೇಲುಬುರುಡೆ ಇರುವ ಜಾಗದಲ್ಲಿ ಮಾತ್ರ ಒಂದನ್ನೊಂದು ಅಳಿಸಿಕೊಳ್ಳುವ ಹಾಗೆ ಲೆಕ್ಕ ಹಾಕಿ ಬಿಡುತ್ತಾಳೆ. ಬುರುಡೆಗೆ ಶಾಂತಿ, ಉಳಿದ ಕಡೆಯೆಲ್ಲ ಕಲಬುರಗಿಯ ಕಣ್ಣಿ ಮಾರ್ಕೆಟ್‌ನ ಬೆಳಗಿನ ಗಲಾಟೆ. ಈರಣ್ಣ ಎಲ್ಲಿ ಕುಳಿತಿದ್ದಾನೆ ಎಂದು ತಿಳಿಯುವ ಅಗತ್ಯವೂ ಇಲ್ಲ. ಖರ್ಚು ಬ್ಯಾಟರಿಯದು, ಮಾತಿಗೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲು ಗದ್ದಲಕ್ಕೆ ಹೋಗುತ್ತದೆ. ಬುರುಡೆಗಳು ನಾಲ್ಕಾರು ಇದ್ದರೆ ಆ ಗಳಿಗೆಯಲ್ಲಿ ಯಾವುದರ ಕೆಳಗೆ ನೀರು ತಿಳಿಯಿದೆಯೋ ಅದನ್ನೇ ಆರಿಸಿಕೊಳ್ಳುವುದೂ ಒಂದು ಉಪಾಯ. ನೀರೊಳಗೆ ಲೇಸರಿನ ಕಿರಣ ಕಿರಿದಾಗಿರಲಿ, ಬಸಣ್ಣ ತನಗೆ ಬರುವ ಬೆಳಕಿನ ಅಳತೆಯ ಮೇಲೆ ಕಣ್ಣಿಟ್ಟಿರಲಿ. ಕದ್ದು ನೋಡಿದರೆ ಗುರುತು ಉಳಿಯುವ ಕ್ವಾಂಟಂ ಕೀಲಿಯ ಮಾತೂ ಈಗ ಬಹಳ ಕೇಳಿಬರುತ್ತಿದೆ. ಆದರೆ ಒಂದೊಂದೇ ಬೆಳಕಿನ ಕಣ ಎಣಿಸುವ ಆ ವಿದ್ಯೆ ಕದಡಿದ ನೀರಿನಲ್ಲಿ ಎಷ್ಟು ದೂರ ಈಸೀತು ಎಂಬ ಸಂಶಯ ನನಗಿದೆ.

ದೊಡ್ಡ ಸಂಶಯ ಬೇರೆಯದು. ಮೇಲಿನ ಲೆಕ್ಕದಲ್ಲಿ ಈರಣ್ಣನಿಗೆ 10 ಪಟ್ಟು ಎಂದು ಬರೆದೆನಲ್ಲ, ಅದನ್ನು ನನಗೆ ಹೇಳಿದವರು ಯಾರು? ಕಳ್ಳ ತನ್ನ ಕಿವಿಯ ಅಳತೆ ಕೊಟ್ಟು ಹೋಗುವುದಿಲ್ಲ. ಅವನು ದೊಡ್ಡ ಡಿಶ್ ತಂದರೆ, ಹತ್ತು ಮಾರು ಹತ್ತಿರ ಸರಿದರೆ, 10 ಹೋಗಿ 200 ಆಗುತ್ತದೆ. ಕಾಗದದ ಮೇಲೆ ಈರಣ್ಣನ ಸರಾಸರಿ ಗೊತ್ತಿದೆ ಎಂದು ಹಿಡಿದು ಬಿಡಿಸಿದ ಲೆಕ್ಕ ಎಷ್ಟೇ ಸೊಗಸಾಗಿದ್ದರೂ, ಕಡಲಿಗೆ ಇಳಿಸುವಾಗ ಬೀಗವನ್ನೂ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹಗಲುವೇಷ ಇರಲಿ, ಬಾಗಿಲಿಗೆ ಚಿಲಕವೂ ಇರಲಿ.

ಬಾವಿಯ ಕಡೆ ಬರುತ್ತೇನೆ. ಅಕ್ಕ ಪಾತಾಳಗರಡಿ ತಂದಳು. ಹುಡುಗರು ಹಗ್ಗ ಹಿಡಿದು ಕೆದಕಿ ಕೆದಕಿ ಕೊನೆಗೆ ಸ್ಪೀಕರಿನ ಪಟ್ಟಿಗೆ ಕೊಕ್ಕೆ ಸಿಕ್ಕಿಸಿದರು. ನೀಲಿ ದೀಪ ಇನ್ನೂ ಮಿಣುಕುತ್ತಲೇ ಇತ್ತು. ಅಳಿಯ ತನ್ನ ಫೋನ್ ಕೈಯಲ್ಲಿ ಹಿಡಿದು ಕಾಯುತ್ತಿದ್ದ, ಮೇಲೆ ಬಂದ ಕೂಡಲೇ ಜೋಡಿಸಬೇಕೆಂದು. ಸ್ಪೀಕರ್ ನೀರಿನ ಮಟ್ಟ ಬಿಟ್ಟು ಒಂದು ಮೊಳ ಏರಿರಲಿಲ್ಲ, ಟುಂಯ್ ಎಂದು ಸದ್ದು ಮಾಡಿ ಹಾಡತೊಡಗಿತು. ಅವನ ಹಾಡಲ್ಲ. ಎಲ್ಲರೂ ತಲೆ ಎತ್ತಿ ನೋಡಿದರೆ, ಬಾವಿಯ ದಡದ ಬೇವಿನ ಮರದ ಕೆಳಗೆ ಬಾಜು ಹೊಲದ ಹುಡುಗ ತನ್ನ ಮೊಬೈಲ್ ಹಿಡಿದು ನಗುತ್ತಿದ್ದ.

“ನಿಂದು ಹ್ಯಾಂಗ ಕೂಡ್ತಲೇ ಅದಕ್ಕ?” ಅಂದ ಅಳಿಯ.

“ಹೋದ ವಾರ ನೀನೇ ಕೂಡ್ಸಿ ಕೊಟ್ಟಿದ್ದಿ,” ಅಂದ ಅವನು, ಹಾಡಿನ ಸದ್ದು ಇನ್ನಷ್ಟು ಏರಿಸುತ್ತ.